ಖಾಲಿ ಕಟ್ಟಡದಲ್ಲಿ ಚಪ್ಪಾಳೆ ಏಕೆ ತಟ್ಟುತ್ತೀರಿ?

ಹಳೆಯ ಕಟ್ಟಡಗಳನ್ನು ನೋಡಲು ನನ್ನ ಜೊತೆ ಬಂದವರೆಲ್ಲ ಕೊನೆಗೆ ಕೇಳುವುದು ಇದೊಂದೇ ಪ್ರಶ್ನೆ. ಉಳಿದವರು ಕೆತ್ತನೆಯ ಮುಂದೆ ನಿಂತು ಫೋಟೊ ತೆಗೆಯುತ್ತಿರುವಾಗ ನಾನು ನಡುವಿನ ಅಂಕಣಕ್ಕೆ ಹೋಗಿ, ಸುತ್ತ ಯಾರೂ ಮಾತನಾಡುತ್ತಿಲ್ಲವೆಂದು ನೋಡಿಕೊಂಡು, ಒಂದೇ ಒಂದು ಚಪ್ಪಾಳೆ ತಟ್ಟಿ ಕಣ್ಣು ಮುಚ್ಚಿಕೊಳ್ಳುತ್ತೇನೆ. ಇದು ಹರಕೆಯೋ ಕಾಯಿಲೆಯೋ ನೋಡುವವರಿಗೆ ತಿಳಿಯುವುದಿಲ್ಲ. ಪ್ರತಿ ಸಲವೂ ಅರೆಬರೆ ಉತ್ತರ ಕೊಟ್ಟು ನುಣುಚಿಕೊಳ್ಳುವ ಬದಲು ಇಲ್ಲಿ ವಿವರವಾಗಿ ಹೇಳಿಬಿಡುತ್ತೇನೆ.

ನಾನು ಕಟ್ಟಡವನ್ನು ಕೇಳಿಸಿಕೊಳ್ಳುತ್ತಿರುತ್ತೇನೆ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ಹಕ್ಕಿಗಳ ಹಿಂದೆ ಅಲೆಯುತ್ತಾರೆ. ನನ್ನ ಹವ್ಯಾಸ ಇದು. ಸಲಕರಣೆ ಬೇಕಿಲ್ಲ, ಕೂಡಿಟ್ಟದ್ದಕ್ಕೆ ಧೂಳು ಹಿಡಿಯುವುದಿಲ್ಲ.

ಚಪ್ಪಾಳೆಯ ಸದ್ದು ಕ್ಷಣಮಾತ್ರದ್ದು, ಆದರೆ ಅದರಲ್ಲಿ ಬಗೆಬಗೆಯ ಸ್ವರಗಳು ಒಟ್ಟಿಗೆ ಬೆರೆತಿರುತ್ತವೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರಿನ ಗೋಡೆ 17 ಮೀಟರಿಗಿಂತ ದೂರವಿದ್ದರೆ ಸದ್ದು ಹೋಗಿ ಮರಳುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ. ಆಗ ಎರಡನೆಯ ಚಪ್ಪಾಳೆಯೊಂದು ಬೇರೆಯಾಗಿಯೇ ಕೇಳಿಸುತ್ತದೆ. ಅದು ಪ್ರತಿಧ್ವನಿ. ಗೋಡೆ ಹತ್ತಿರವಿದ್ದರೆ ಮರಳಿ ಬರುವ ಸಾವಿರಾರು ಸದ್ದುಗಳು ಒಂದರ ಮೇಲೊಂದು ಬಿದ್ದು, ನಿಧಾನವಾಗಿ ಅಡಗುತ್ತ ಹೋಗುತ್ತವೆ. ಅದು ಅನುರಣನ. ನಯಗೊಳಿಸಿದ ಕಲ್ಲು ತನಗೆ ತಾಗಿದ ಸದ್ದನ್ನೆಲ್ಲ ಬಹುಮಟ್ಟಿಗೆ ಹಿಂದಿರುಗಿಸುತ್ತದೆ. ಬಟ್ಟೆ, ಜಮಖಾನೆಗಳು ಮೇಲಿನ ಸ್ವರಗಳನ್ನು ನುಂಗುತ್ತವೆ; ತೆಳುವಾದ ಮರದ ಹಲಗೆ ತಾನೇ ಕಂಪಿಸಿ ಕೆಳಗಿನ ಸ್ವರಗಳನ್ನು ನುಂಗುತ್ತದೆ. ಎರಡು ಬರಿಗೋಡೆಗಳು ಎದುರುಬದುರಾಗಿ ನಿಂತಿದ್ದರೆ ಝರ್ರೆಂದು ಒಂದು ನಡುಕ ಕೇಳಿಸುತ್ತದೆ. ನನಗೆ ಅದು ಹಿಡಿಸುವುದಿಲ್ಲ.

ಇವೆಲ್ಲ ಲೆಕ್ಕಕ್ಕೆ ಸಿಕ್ಕಿದ್ದು ಒಂದು ಕೆಟ್ಟ ಸಭಾಂಗಣದ ಕೃಪೆಯಿಂದ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೊಠಡಿ ಸಿದ್ಧವಾದಾಗ ಅಲ್ಲಿ ಉಪನ್ಯಾಸ ಕೇಳುವುದೊಂದನ್ನು ಬಿಟ್ಟು ಬೇರೇನನ್ನಾದರೂ ಮಾಡಬಹುದಿತ್ತು. ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಉಳಿದು, ಹೊಸ ವಾಕ್ಯದ ತಲೆ ಹಿಂದಿನ ವಾಕ್ಯದ ಬಾಲಕ್ಕೆ ಸಿಕ್ಕಿಬೀಳುತ್ತಿತ್ತು. ಸರಿಪಡಿಸುವ ಹೊಣೆ ವಾಲೇಸ್ ಸೇಬೈನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕರ ಹೆಗಲಿಗೆ ಬಿತ್ತು. ಅವರು ಊರಿನ ಗದ್ದಲ ಅಡಗಿದ ಮೇಲೆ, ರಾತ್ರಿಯ ಹೊತ್ತು, ಸಹಾಯಕರೊಂದಿಗೆ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಕೊಠಡಿಯಲ್ಲಿ ಹರಡುತ್ತಿದ್ದರು. ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಸದ್ದು ಪೂರ್ತಿ ಅಡಗಲು ಎಷ್ಟು ಹೊತ್ತು ಬೇಕಾಯಿತೆಂದು ಅಳೆಯುತ್ತಿದ್ದರು. ಸದ್ದು ಅಡಗಿತೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದುದು ಯಾವ ಯಂತ್ರವೂ ಅಲ್ಲ, ಅವರ ಕಿವಿ. ಆಮೇಲೆ ಮೆತ್ತೆಗಳನ್ನೆಲ್ಲ ಹೊತ್ತೊಯ್ದು ಸ್ವಸ್ಥಾನದಲ್ಲಿ ಇಡಬೇಕಿತ್ತು. ಭೌತಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ಮೂಟೆ ಹೊತ್ತ ಪ್ರಯೋಗ ಬೇರೊಂದಿರಲಾರದು.

ಈ ದುಡಿಮೆಯಿಂದ ಹೊರಬಿದ್ದ ಸೂತ್ರ ಸರಳ: ಕೋಣೆಯ ಗಾತ್ರ ಹೆಚ್ಚಿದಂತೆ ಅನುರಣನ ಹೆಚ್ಚುತ್ತದೆ, ಸದ್ದು ಹೀರುವ ವಸ್ತು ಹೆಚ್ಚಿದಂತೆ ಇಳಿಯುತ್ತದೆ. 1900ರಲ್ಲಿ ಬಾಗಿಲು ತೆರೆದ ಬಾಸ್ಟನ್ ಸಿಂಫನಿ ಹಾಲ್‌ಗೆ ಸೇಬೈನ್ ಇದೇ ಲೆಕ್ಕ ಹಾಕಿಕೊಟ್ಟರು. ಅದು ಇಂದಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಸಾಲಿನಲ್ಲಿದೆ. ಅವರ ಲೆಕ್ಕದಲ್ಲಿ ಮನುಷ್ಯರೂ ಸದ್ದು ಹೀರುವ ವಸ್ತುಗಳೇ. ಜನ ತುಂಬಿದಾಗ ಕಟ್ಟಡದ ದನಿ ಬದಲಾಗುತ್ತದೆ. ನಾನು ಬಾಗಿಲು ತೆರೆದ ಕೂಡಲೇ ಹೋಗಿ ನಿಲ್ಲುವುದು ಅದಕ್ಕೇ ಹೊರತು ಸೂರ್ಯೋದಯದ ಮೇಲಿನ ಪ್ರೀತಿಯಿಂದಲ್ಲ.

ಸಂಗೀತದ ಹುಚ್ಚಿನಿಂದ ಇದು ಅಂಟಿಕೊಂಡಿತೇ ಎಂದು ಕೆಲವರು ಕೇಳುತ್ತಾರೆ. ಅರ್ಧ ಹೌದು. ಸಂಗೀತಗಾರ ತನಗೆ ಬೇಕಾದ್ದನ್ನು ಹಾಡುತ್ತಾನೆ ಎಂದು ನಾವು ನಂಬಿದ್ದೇವೆ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಅವನು ಕಟ್ಟಡ ಒಪ್ಪುವುದನ್ನು ಹಾಡಬೇಕಿತ್ತು. ಕಲ್ಲಿನ ದೊಡ್ಡ ಚರ್ಚುಗಳಲ್ಲಿ ವೇಗದ ಸ್ವರಗಳು ಕಲಸಿಹೋಗುತ್ತವೆ. ಆದ್ದರಿಂದ ಅಲ್ಲಿ ಬೆಳೆದ ಪ್ರಾರ್ಥನಾ ಗಾಯನಕ್ಕೆ ಅವಸರವಿಲ್ಲ. ಒಂದು ಸ್ವರ ಮುಂದಿನದಕ್ಕೆ ಜಾಗ ಬಿಟ್ಟುಕೊಟ್ಟು ಸಾಗುತ್ತದೆ. ವೆನಿಸ್ಸಿನ ಸೇಂಟ್ ಮಾರ್ಕ್ಸ್ ಬೆಸಿಲಿಕಾದಲ್ಲಿ 16ನೇ ಶತಮಾನದ ಸಂಗೀತಗಾರರು ಗಾಯಕರನ್ನು ಗುಂಪುಗಳಾಗಿ ಒಡೆದು, ದೂರ ದೂರ ನಿಲ್ಲಿಸಿ, ಒಂದು ಗುಂಪಿನ ಹಾಡಿಗೆ ಇನ್ನೊಂದು ಉತ್ತರಿಸುವಂತೆ ರಚನೆಗಳನ್ನು ಮಾಡಿದರು. ಆ ಸಂಗೀತವನ್ನು ಮೆತ್ತನೆಯ ಕುರ್ಚಿಗಳ ಆಧುನಿಕ ಸಭಾಂಗಣದಲ್ಲಿ ಹಾಡಿಸಿದರೆ ಹಾಡುಗಾರರ ಪಕ್ಕದಲ್ಲಿ ಇರಬೇಕಾದ ಮುಖ್ಯ ವಾದ್ಯವೇ ಬರಲಿಲ್ಲವೇನೋ ಅನ್ನಿಸುತ್ತದೆ.

ವಿಜಯಪುರದ ಗೋಳಗುಮ್ಮಟದ ಹೆಸರು ಇಷ್ಟು ಹೊತ್ತಿಗೆ ಓದುಗರ ಬಾಯಿಗೆ ಬಂದಿರುತ್ತದೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಅದರ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಕಡೆ ಗೋಡೆಗೆ ಬಾಯಿಟ್ಟು ಆಡಿದ ಮಾತು ಗುಮ್ಮಟದ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಸದ್ದು ಬಾಗಿದ ಗೋಡೆಯನ್ನು ತಬ್ಬಿಕೊಂಡೇ ಸಾಗುವುದರಿಂದ ಹೀಗಾಗುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಇಂಥದೇ ಗ್ಯಾಲರಿಯನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸಿದವರು ಬ್ರಿಟಿಷ್ ಭೌತಶಾಸ್ತ್ರಜ್ಞ ಲಾರ್ಡ್ ರೇಲಿ. ಪಿಸುಮಾತು ಸಾಕಾಗುವ ಜಾಗಕ್ಕೆ ಹೋಗಿ ಜನ ಕಿರುಚುತ್ತಾರೆ, ಅದೊಂದು ನನ್ನ ಸಂಕಟ. ಸಿ. ವಿ. ರಾಮನ್ ಅವರಿಗೂ ಈ ಗ್ಯಾಲರಿಗಳ ಆಕರ್ಷಣೆಯಿತ್ತು. 1920ರ ದಶಕದ ಆರಂಭದಲ್ಲಿ ಅವರು ಇವುಗಳ ಬಗ್ಗೆ ಪ್ರಯೋಗ ಮಾಡಿ ಬರೆದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ತಂಬೂರಿ, ವೀಣೆಗಳ ಕುದುರೆಯನ್ನೂ, ಅಂದರೆ ತಂತಿಗಳನ್ನು ಹೊರುವ ಪುಟ್ಟ ಸೇತುವೆಯನ್ನೂ, ಪರೀಕ್ಷಿಸಿದರು. ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ಎಳೆ ದಾರ ಮತ್ತು ಕುದುರೆಯ ಬಾಗಿದ ಮೈ ಸೇರಿ ತಂತಿಯಿಂದ ಅಷ್ಟು ಸಮೃದ್ಧವಾದ ಮೇಲುಸ್ವರಗಳನ್ನು ಹೊರಡಿಸುವ ಬಗೆ ಅವರಿಗೆ ಬೆರಗು ಹುಟ್ಟಿಸಿತ್ತು. ಗುಮ್ಮಟ, ತಂಬೂರಿ ಎರಡನ್ನೂ ಒಂದೇ ಕುತೂಹಲದಿಂದ ಕೇಳಿಸಿಕೊಂಡ ಹಿರಿಯರೊಬ್ಬರು ಇದ್ದರೆಂಬುದು, ಚಪ್ಪಾಳೆ ತಟ್ಟಿ ಸಿಕ್ಕಿಬಿದ್ದಾಗ, ನನ್ನ ಧೈರ್ಯ.

ಇನ್ನರ್ಧ ಉತ್ತರಕ್ಕೆ ಬಾಲ್ಯಕ್ಕೆ ಹೋಗಬೇಕು. ಹೆದರಿದಾಗ, ಬೈಸಿಕೊಂಡಾಗ, ಸುಮ್ಮನೆ ಬೇಜಾರಾದಾಗ ನಾನು ಖಾಲಿ ಕೊಡದ ಬಾಯಿಗೆ ಮುಖವಿಟ್ಟು ಗುನುಗುತ್ತ ಕೂರುತ್ತಿದ್ದೆ. ಸ್ವರವನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತ ಹೋದರೆ ಎಲ್ಲೋ ಒಂದು ಕಡೆ ಕೊಡ ಇದ್ದಕ್ಕಿದ್ದಂತೆ ಜೊತೆಗೂಡಿ, ನನ್ನ ಸಣ್ಣ ದನಿ ದೊಡ್ಡವರ ದನಿಯಾಗುತ್ತಿತ್ತು. ಕಾರಣ ಮಾಯೆಯೇನಲ್ಲ: ಕೊಡದ ಕೊರಳಿನಲ್ಲಿರುವ ಗಾಳಿ ಒಳಗಿನ ಗಾಳಿಯನ್ನು ಅದುಮಿ, ಅದು ಮತ್ತೆ ಹೊರದೂಡಿ, ಒಂದು ನಿರ್ದಿಷ್ಟ ಲಯದಲ್ಲಿ ಓಲಾಡುತ್ತದೆ, ಆ ಲಯಕ್ಕೆ ಹೊಂದುವ ಸ್ವರ ಮಾತ್ರ ಉಬ್ಬುತ್ತದೆ. ಸ್ನಾನದ ಮನೆಯಲ್ಲಿ ಎಲ್ಲರೂ ಗಾಯಕರಾಗುವುದಕ್ಕೆ ಇದರ ಸಮೀಪದ ಕಾರಣವೇ ಇದೆ. ಗಟ್ಟಿ ಗೋಡೆಗಳ ಆ ಪುಟ್ಟ ಕೋಣೆ ಕೆಲವು ಕೆಳಸ್ವರಗಳನ್ನು ಉದಾರವಾಗಿ ಹಿಗ್ಗಿಸುತ್ತದೆ. ಮಗುವಿಗೆ ಈ ಲೆಕ್ಕ ಬೇಕಿರಲಿಲ್ಲ. ತಾನು ಹೇಳಿದ್ದನ್ನು ಯಾವುದೋ ಒಂದು ಒಪ್ಪಿಕೊಂಡು ಹೂಂಗುಟ್ಟಿತು, ಅಷ್ಟು ಸಾಕಿತ್ತು. ದೊಡ್ಡ ಗುಮ್ಮಟದ ಕೆಳಗೆ ಇಂದು ನನಗಾಗುವ ಸಮಾಧಾನವೂ ಅದೇ. ಕೊಡ ಮಾತ್ರ ದೊಡ್ಡದಾಗಿದೆ.

ಗಡಿಗೆಯ ಈ ಹುಚ್ಚು ನನ್ನೊಬ್ಬನದಲ್ಲ. ರಂಗಮಂದಿರಗಳಲ್ಲಿ ಕಂಚಿನ ಪಾತ್ರೆಗಳನ್ನು ಇಟ್ಟರೆ ನಟರ ದನಿ ಮೆರುಗು ಪಡೆಯುತ್ತದೆಂದು ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿದ್ದ. ಮಧ್ಯಯುಗದ ಯುರೋಪಿನಲ್ಲಿ ಚರ್ಚುಗಳ ಗೋಡೆಯೊಳಗೆ ಮಣ್ಣಿನ ಗಡಿಗೆಗಳನ್ನೇ ಹುದುಗಿಸಿದರು. ಮೆಟ್ಸ್ ನಗರದ ಮಠವೊಂದರಲ್ಲಿ 1432ರಲ್ಲಿ ಹೀಗೆ ಮಾಡಿದಾಗ, ಹಾಡು ಮೊದಲಿಗಿಂತ ಚೆನ್ನಾಯಿತೋ ಇಲ್ಲವೋ ತಿಳಿಯದು ಎಂದು ಮಠದ ದಾಖಲೆ ಬರೆದವನೇ ಗೇಲಿ ಮಾಡಿದ್ದಾನೆ. ಗೋಡೆಯ ಗಾತ್ರಕ್ಕೆ ಹೋಲಿಸಿದರೆ ಕೆಲವು ಗಡಿಗೆಗಳಿಂದ ಆಗುವುದು ಅತ್ಯಲ್ಪ. ಅವನ ಅನುಮಾನ ಸರಿಯಾದದ್ದೇ.

ಸಂರಕ್ಷಣೆಯ ವಿಷಯದಲ್ಲಿ ಮಾತ್ರ ನನಗೆ ನಗು ಬರುವುದಿಲ್ಲ. ಹಳೆಯ ಕಟ್ಟಡವೆಂದರೆ ನಾವು ಕಾಪಾಡುವುದು ಕಣ್ಣಿಗೆ ಕಾಣುವುದನ್ನು. ಬಣ್ಣ ಹೋದರೆ ಗಲಾಟೆ, ಕಂಬ ಒಡೆದರೆ ಪತ್ರಿಕೆಯಲ್ಲಿ ಸುದ್ದಿ. ದನಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಮೆಚ್ಚಿಕೊಂಡಿದ್ದ ಒಂದು ಹಳೆಯ ಸಭಾಂಗಣವನ್ನು ಬಹಳ ಕಾಳಜಿಯಿಂದ ನವೀಕರಿಸಿದರು. ಕಿಟಕಿಯ ಕೊಂಡಿಗಳನ್ನೂ ಮೂಲದಂತೆಯೇ ಎರಕ ಹೊಯ್ಯಿಸಿ, ಆಮೇಲೆ ಗೋಡೆಯಿಂದ ಗೋಡೆಗೆ ದಪ್ಪ ಕಾರ್ಪೆಟ್ ಹಾಸಿದರು. ಈಗ ಅಲ್ಲಿ ಚಪ್ಪಾಳೆ ತಟ್ಟಿದರೆ ದಿಂಬಿಗೆ ಗುದ್ದಿದಂತಾಗುತ್ತದೆ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಧ್ವನಿಗುಣವನ್ನು ಸಂಶೋಧಕರು 2013ರಲ್ಲಿ ಅಳೆದಿಟ್ಟಿದ್ದರು. 2019ರ ಬೆಂಕಿಯ ನಂತರ, ಮೊದಲು ಅದು ಹೇಗೆ ಕೇಳಿಸುತ್ತಿತ್ತು ಎಂದು ಹೇಳಲು ಆ ಅಂಕಿಗಳಿದ್ದವು. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ ಎಂಬ ದೊಡ್ಡ ಗುಮ್ಮಟದ ಪುರಾತನ ಪ್ರಾರ್ಥನಾಮಂದಿರದಲ್ಲಿ ಅನುರಣನ ಹತ್ತು ಸೆಕೆಂಡು ಮೀರುತ್ತಿತ್ತು. ಅದು ವಸ್ತುಸಂಗ್ರಹಾಲಯವಾಗಿದ್ದಾಗ ಒಳಗೆ ಹಾಡಲು ಅನುಮತಿ ಇರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡದವರು ಅಲ್ಲಿ ಬಲೂನು ಒಡೆದು ಆ ಸದ್ದನ್ನು ದಾಖಲಿಸಿಕೊಂಡು, ದೂರದ ಸ್ಟುಡಿಯೊದಲ್ಲಿ ಹಾಡಿದವರ ದನಿಗೆ ಆ ಗುಮ್ಮಟದ ಅನುರಣನವನ್ನು ಕೂಡಿಸಿದರು. ಬಲೂನಿನ ಮುಂದೆ ನನ್ನ ಚಪ್ಪಾಳೆ ಸಭ್ಯವೇ ತಾನೇ?

ಹಾಗಾದರೆ ನೀವೂ ದಾಖಲಿಸಿಕೊಳ್ಳುತ್ತೀರಾ ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಇಲ್ಲ. ಪ್ರಯತ್ನಿಸಿ ಬಿಟ್ಟಿದ್ದೇನೆ. ಎರಡು ಕಿವಿಗಳಿಂದ ಕೇಳುವಾಗ ಮಿದುಳು ಸದ್ದು ಬಂದ ದಿಕ್ಕುಗಳನ್ನು ಬೇರ್ಪಡಿಸಿ, ಅನುರಣನವನ್ನು ಒಂದಿಷ್ಟು ಹಿಂದಕ್ಕೆ ಸರಿಸುತ್ತದೆ. ಮೊಬೈಲಿನ ಮೈಕ್ ಎಲ್ಲವನ್ನೂ ಒಟ್ಟಿಗೆ ಸುರಿಯುವುದರಿಂದ ಅದೇ ಜಾಗ ಮನೆಗೆ ಬಂದು ಕೇಳಿದಾಗ ಕಲಸುಮೇಲೋಗರವಾಗಿರುತ್ತದೆ. ನನ್ನ ಜೊತೆ ಬರುವವರಿಗೆ ನಾನು ಹೇಳುವುದಿಷ್ಟು: ಪೂಜೆ, ಪ್ರಾರ್ಥನೆ ನಡೆಯುವ ಕಡೆ ಚಪ್ಪಾಳೆ ಬೇಡ, ಮೆಲ್ಲಗೆ ಕೆಮ್ಮಿದರೆ ಸಾಕು. ಹಂಪಿಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳಂಥವನ್ನು ತಟ್ಟಲೇಬೇಡಿ. ಅಲ್ಲಿ ಅದು ನಿಷಿದ್ಧ, ಕಲ್ಲು ಸವೆಯುತ್ತದೆ. ಬೇರೆ ಕಡೆ ಕಾವಲುಗಾರರನ್ನು ಮೊದಲೇ ಕೇಳಿಕೊಳ್ಳಿ. ಹೆಚ್ಚಿನವರು ಒಪ್ಪುತ್ತಾರೆ. ದನಿ ಎಲ್ಲಿ ಚೆನ್ನಾಗಿ ಏಳುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ, ಎರಡು ಹೆಜ್ಜೆ ಎಡಕ್ಕೆ ನಿಲ್ಲಿ ಎಂದು ತೋರಿಸಿಕೊಡುವವರೂ ಇದ್ದಾರೆ.