ಆಟ ನೋಡಿದ ಮರುದಿನ

ನಮ್ಮ ವಿಜ್ಞಾನ ಮಾಷ್ಟ್ರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಶಾಲೆಯಿಂದ ಕೇಳಿದಾಗ ಬೇರೆ ಯಾರ ಬಗ್ಗೆಯೂ ಬರೆಯಲು ಮನಸ್ಸಾಗಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಏನೇನು ಓದಿದೆವೋ, ಹೆಚ್ಚೇನೂ ನೆನಪಿಲ್ಲ. ಅವರ ಒಂದು ಪಾಠ ಮಾತ್ರ ಹಾಗೇ ಉಳಿದಿದೆ. ಅದು ಶುರುವಾದದ್ದು ನಮ್ಮ ಕಿತಾಪತಿಯಿಂದ.

ಕುಂಬಳೆ ಸೀಮೆ ಅಂದರೆ ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ನಾಡು. ದೀಪಾವಳಿ ಕಳೆದರೆ ಎಲ್ಲಾದರೂ ಒಂದು ಕಡೆ ಯಕ್ಷಗಾನದ ಆಟ ಇದ್ದೇ ಇರುತ್ತಿತ್ತು. ಒಂದು ರಾತ್ರಿ ಮನೆಯವರು ಮಲಗಿದ ಮೇಲೆ ನಾವು ನಾಲ್ಕು ಜನ ಮೆಲ್ಲ ಹೊರಬಿದ್ದೆವು. ಮಹಿಷಾಸುರ ದೊಂದಿ ಬೆಳಕಿನಲ್ಲಿ ಜನರ ನಡುವಿನಿಂದ ಅಬ್ಬರಿಸುತ್ತ ಬರುವುದನ್ನು ಬಿಟ್ಟು ಮನೆಯಲ್ಲಿ ಮಲಗುವುದುಂಟೇ? ಬೆಳಗಿನ ಜಾವ ಅಡಿಕೆ ತೋಟದೊಳಗಿಂದ ತಿರುಗಿ ಬರುವಾಗ ಟಾರ್ಚಿನ ಬ್ಯಾಟರಿ ಮುಗಿದಿತ್ತು. ಕ್ಲಾಸಿನಲ್ಲಿ ನಾಲ್ವರಿಗೂ ಗಾಢ ನಿದ್ದೆ.

ಬೆತ್ತ ಬೀಳುತ್ತದೆ ಅಂತ ಕೈ ಚಾಚಿ ನಿಂತೆವು. ಮಾಷ್ಟ್ರು, “ಯಾವ ಪ್ರಸಂಗ ಮಾರಾಯ?” ಎಂದರು. ಆಮೇಲೆ, “ಟಾರ್ಚಿಲ್ಲದೆ ಹೇಗೆ ಬಂದಿರಿ?”

“ಮೊದಲು ಏನೂ ಕಾಣಲಿಲ್ಲ ಸಾರ್. ಸ್ವಲ್ಪ ಹೊತ್ತಾದ ಮೇಲೆ ದಾರಿ ಕಂಡಿತು. ಇವನಿಗೆ ಮಾತ್ರ ಕಾಣಲೇ ಇಲ್ಲ. ತೋಟದ ಕಣಿಗೆ ಬಿದ್ದ.”

ಕ್ಲಾಸಿಡೀ ನಕ್ಕಿತು. ಮಾಷ್ಟ್ರು ನಗಲಿಲ್ಲ.

ತೆರೆದಿದ್ದ ಪಾಠಪುಸ್ತಕ ಮುಚ್ಚಿ, ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದರು. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿ ಬಣ್ಣ ನೋಡುವ ಶಂಕುಕೋಶಗಳು ಸುಮಾರು 60 ಲಕ್ಷ, ಮಂದ ಬೆಳಕಿನಲ್ಲಿ ನೋಡುವ ದಂಡಕೋಶಗಳು ಸುಮಾರು 12 ಕೋಟಿ ಎಂದರು. ಜೋರು ಬೆಳಕಿಗೆ ದಂಡಕೋಶದಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್ ಎಂಬ ವಸ್ತು ಕರಗುತ್ತದೆ. ಅದು ಮತ್ತೆ ತುಂಬಲು ಅರ್ಧ ಗಂಟೆ ಬೇಕು. “ಇವತ್ತು ರಾತ್ರಿ ಮಸುಕಾದ ಒಂದು ನಕ್ಷತ್ರವನ್ನು ನೇರ ನೋಡಿ, ಆಮೇಲೆ ಸ್ವಲ್ಪ ಪಕ್ಕಕ್ಕೆ ನೋಡಿ” ಎಂದರು. ಅಂಗಳದಲ್ಲಿ ನಿಂತು ನೋಡಿದೆ. ನೇರ ನೋಡಿದರೆ ಮಾಯ, ಪಕ್ಕಕ್ಕೆ ನೋಡಿದರೆ ಹಾಜರು! ರೆಟಿನಾದ ನಟ್ಟನಡುವೆ ದಂಡಕೋಶಗಳೇ ಇಲ್ಲ, ಅದಕ್ಕೆ.

ಕಣಿಗೆ ಬಿದ್ದ ಗೆಳೆಯನ ಅಪ್ಪನನ್ನು ಅವರು ಶಾಲೆಗೆ ಕರೆಸಿದರು. ದೂರು ಹೇಳಲು ಅಲ್ಲ, ಮಗನನ್ನು ಮಂಗಳೂರಿನಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿ ಎನ್ನಲು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಗೊತ್ತಾಯಿತು. ದಂಡಕೋಶಗಳು ಮೆಲ್ಲಮೆಲ್ಲನೆ ಸಾಯುವ, ಹುಟ್ಟಿನಿಂದಲೇ ಬರುವ ದೋಷ. ಮೊದಲು ಇರುಳಿನ ನೋಟ ಹೋಗುತ್ತದೆ, ಆಮೇಲೆ ಅಕ್ಕಪಕ್ಕದ್ದು.

ನಾನು ಇವತ್ತು ಕೆಲಸ ಮಾಡುವುದು ಇದೇ ಕೋಶಗಳ ಮೇಲೆ. ಜೊತೆಗೆ ಶ್ವಾಸಕೋಶದ ಕಾಯಿಲೆಯ ಮೇಲೂ. ಎರಡಕ್ಕೂ ಏನು ಸಂಬಂಧ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಶ್ವಾಸನಾಳದ ಒಳಮೈಯಲ್ಲಿ ಸಿಲಿಯಾ ಎಂಬ ಸೂಕ್ಷ್ಮ ಎಳೆಗಳಿವೆ. ಸೆಕೆಂಡಿಗೆ 10ರಿಂದ 15 ಸಲ ಬಡಿದು ಕಫ, ಧೂಳನ್ನು ಮೇಲಕ್ಕೆ ತಳ್ಳುತ್ತವೆ. ದಂಡಕೋಶದಲ್ಲಿ ಬೆಳಕು ಹಿಡಿಯುವ ತುದಿಯೂ ಅಂಥದ್ದೇ ಒಂದು ಸಿಲಿಯಾದಿಂದ ಬೆಳೆದದ್ದು. ಹಾಗಾಗಿ ಆರ್‌ಪಿಜಿಆರ್ ಎಂಬ ಜೀನ್ ಕೆಟ್ಟರೆ ದೃಷ್ಟಿ ಹೋಗುತ್ತದೆ, ಕೆಲವರಿಗೆ ಎದೆಯ ಸೋಂಕೂ ಪದೇ ಪದೇ ಬರುತ್ತದೆ. 2017ರಲ್ಲಿ ಆರ್‌ಪಿಇ65 ಎಂಬ ಇನ್ನೊಂದು ಜೀನಿನ ದೋಷಕ್ಕೆ ಅಮೆರಿಕದಲ್ಲಿ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ನನ್ನ ಗೆಳೆಯನ ದೋಷ ಅದಲ್ಲ.

ವಿದೇಶದ ಸಮ್ಮೇಳನಗಳಲ್ಲಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತೇನೆ, ಹಿರಿಯ ವಿಜ್ಞಾನಿಗಳು ಕುಳಿತು ಕೇಳುತ್ತಾರೆ. ಕಾಸರಗೋಡಿನ ಕನ್ನಡ ಮೀಡಿಯಂ ಹುಡುಗ ಎಂದು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ. ವಿಷಯ ನನಗೆ ಅರ್ಥವಾದದ್ದು ಕನ್ನಡದಲ್ಲಿ.

ಈಗ ನಮ್ಮ ಕಡೆಯ ಕನ್ನಡ ಶಾಲೆಗಳಿಗೆ ಕನ್ನಡ ಬಾರದವರನ್ನು ಮಾಷ್ಟ್ರಾಗಿ ಹಾಕುತ್ತಾರೆ ಎಂದು ಕೇಳಿದಾಗ ಹೊಟ್ಟೆ ಉರಿಯುತ್ತದೆ. “ಟಾರ್ಚಿಲ್ಲದೆ ಹೇಗೆ ಬಂದಿರಿ?” ಅಂತ ಆ ಮಕ್ಕಳನ್ನು ಯಾರು ಕೇಳಬೇಕು? ಮೊನ್ನೆ ಶಾಲೆಗೆ ಬಂದಾಗ ಮಕ್ಕಳು ಎ ಪ್ಲಸ್‌ಗಳ ಲೆಕ್ಕ ಹೇಳಿದರು. ಸಂತೋಷವೇ. ಆದರೆ ಪಾಠಪುಸ್ತಕ ಮುಚ್ಚಿಡಲು ಮಾಷ್ಟ್ರುಗಳಿಗೆ ಪುರುಸೊತ್ತು ಎಲ್ಲಿದೆ?

ನಮ್ಮ ಬ್ಯಾಚಿನವರು ಸೇರಿ ಮಾಷ್ಟ್ರ ಹೆಸರಿನಲ್ಲಿ ಶಾಲೆಗೆ ಒಂದು ಒಳ್ಳೆಯ ಮೈಕ್ರೋಸ್ಕೋಪ್ ಕೊಡುತ್ತಿದ್ದೇವೆ. ದಯವಿಟ್ಟು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳ ಕೈಗೆ ಕೊಡಿ. ಒಡೆದರೆ ರಿಪೇರಿ ಖರ್ಚು ನಮ್ಮದು.