ಬೇಬಿ ಆಫ್ ಸವಿತಾ

ಆಸ್ಪತ್ರೆಯ ಒಂದು ಸಾಫ್ಟ್‌ವೇರ್‌ನಲ್ಲಿರುವ ಮಾಹಿತಿ ಇನ್ನೊಂದಕ್ಕೆ ಸರಿಯಾಗಿ ಹೋಗುವ ಹಾಗೆ ಮಾಡುವುದು ನನ್ನ ಹೊಟ್ಟೆಪಾಡು. ರಿಜಿಸ್ಟ್ರೇಷನ್ ಮತ್ತು ಬಿಲ್ಲಿಗೆ ಒಂದು ಸಾಫ್ಟ್‌ವೇರ್, ಲ್ಯಾಬ್‌ಗೆ ಬೇರೆ, ಸ್ಕ್ಯಾನಿಂಗ್‌ಗೆ ಮತ್ತೊಂದು, ಔಷಧಿ ಅಂಗಡಿಗೆ ಇನ್ನೊಂದು. ಒಂದೊಂದನ್ನೂ ಒಂದೊಂದು ವರ್ಷ, ಒಂದೊಂದು ಕಂಪನಿಯಿಂದ ಕೊಂಡಿರುತ್ತಾರೆ. ಡಾಕ್ಟರಿಗೆ ಮಾತ್ರ ಎಲ್ಲವೂ ಒಂದೇ ಸ್ಕ್ರೀನಿನಲ್ಲಿ ಕಾಣಬೇಕು. ಅವರು ಕೇಳುವುದು ನ್ಯಾಯವೇ.

ಈಗ ಹೇಳುತ್ತಿರುವುದು ಮಧ್ಯ ಕರ್ನಾಟಕದ ಒಂದು ಟ್ರಸ್ಟ್ ಆಸ್ಪತ್ರೆಯ ವಿಷಯ. ಯಾವುದು ಅಂತ ಬೇಡ. ಲ್ಯಾಬ್ ಸಾಫ್ಟ್‌ವೇರನ್ನು ಆಸ್ಪತ್ರೆಯ ಮುಖ್ಯ ಸಾಫ್ಟ್‌ವೇರಿಗೆ ಜೋಡಿಸಬೇಕಿತ್ತು. ಭಾನುವಾರ ಒಪಿಡಿ ಇರುವುದಿಲ್ಲ. ಹಾಗಾಗಿ ಶನಿವಾರ ರಾತ್ರಿ ಜೋಡಿಸುವುದು, ಭಾನುವಾರ ವಾರ್ಡಿನ ರಿಪೋರ್ಟ್‌ಗಳಲ್ಲಿ ಪರೀಕ್ಷೆ ಮಾಡುವುದು, ಸೋಮವಾರ ಎಲ್ಲರಿಗೂ ಬಿಡುವುದು ಅಂತ ಮಾತಾಗಿತ್ತು.

ಇಂಥ ಕಡೆ ಒಂದರಿಂದ ಇನ್ನೊಂದಕ್ಕೆ ಮೆಸೇಜ್ ಕಳಿಸಲು ನಾವು ಬಳಸುವುದು ಎಚ್‌ಎಲ್‌7 ಅನ್ನುವ ಪದ್ಧತಿ. ಅದರ ಸಂಸ್ಥೆ ಶುರುವಾದದ್ದು 1987ರಲ್ಲಿ, ಅಮೆರಿಕದಲ್ಲಿ. ಒಂದೊಂದು ಮೆಸೇಜಿನಲ್ಲೂ ಕೆಲವು ಸಾಲು. ಸಾಲಿನ ಶುರುವಿಗೆ ಮೂರಕ್ಷರದ ಗುರುತು, ಆಮೇಲೆ ಉದ್ದಕ್ಕೂ ಲಂಬ ಗೆರೆ ಹಾಕಿ ಮನೆ ಮನೆ ಮಾಡಿರುತ್ತಾರೆ. ಪಿಐಡಿ ಸಾಲಿನಲ್ಲಿ ರೋಗಿ ಯಾರು ಅಂತ, ಒಬಿಎಕ್ಸ್ ಸಾಲಿನಲ್ಲಿ ಫಲಿತಾಂಶ ಎಷ್ಟು ಅಂತ. ಈಗ ಫೈರ್ (FHIR) ಅಂತ ಹೊಸ ಪದ್ಧತಿ ಬಂದಿದೆ, ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಳಸುವುದೂ ಅದನ್ನೇ. ಆದರೆ ಆಸ್ಪತ್ರೆಯ ಗೋಡೆಯೊಳಗೆ ಓಡಾಡುವುದು ಇನ್ನೂ ಹೆಚ್ಚಾಗಿ ಆ ಹಳೇ ಗೆರೆಗಳೇ.

ಮೆಸೇಜ್ ಹೋಗಿ ಆ ಕಡೆಯಿಂದ 'ಎಎ' ಅಂತ ಉತ್ತರ ಬಂದರೆ ನಮ್ಮ ಹುಡುಗರು ಟೀ ಕುಡಿಯಲು ಎದ್ದು ಹೋಗುತ್ತಾರೆ. ಅದು ರಿಜಿಸ್ಟರ್ಡ್ ಪೋಸ್ಟಿನ ಅಕ್ನಾಲೆಜ್‌ಮೆಂಟ್ ಚೀಟಿ ಇದ್ದ ಹಾಗೆ. ಲಕೋಟೆ ತಲುಪಿತು ಅಂತ ಗೊತ್ತಾಗುತ್ತದೆ, ಒಳಗೆ ಏನು ಬರೆದಿತ್ತು ಅಂತ ಅಲ್ಲ.

ಭಾನುವಾರ ಬೆಳಿಗ್ಗೆ ಎಲ್ಲದಕ್ಕೂ ಎಎ ಬರುತ್ತಿತ್ತು. ಅಷ್ಟರಲ್ಲಿ ಮೆಡಿಕಲ್ ವಾರ್ಡಿನ ಸಿಸ್ಟರ್ ಫೋನ್ ಮಾಡಿದರು. ಡೆಂಗ್ಯೂ ಕಾಲ. ಪ್ಲೇಟ್‌ಲೆಟ್ ತೀರಾ ಇಳಿದರೆ ಸ್ಕ್ರೀನಿನಲ್ಲಿ ಕೆಂಪು ಎಚ್ಚರಿಕೆ ಬರುವ ಹಾಗೆ ಮಾಡಿದ್ದೆವು. 'ಸರ್, ನಿಮ್ಮ ಕಂಪ್ಯೂಟರ್ ಪ್ಲೇಟ್‌ಲೆಟ್ ಸಾವಿರದ ಇನ್ನೂರು ಅಂತಿದೆ. ಪೇಶಂಟ್ ಕೂತ್ಕೊಂಡು ಇಡ್ಲಿ ತಿಂತಿದಾನೆ' ಅಂದರು.

ನಮ್ಮ ಲ್ಯಾಬ್‌ಗಳಲ್ಲಿ ಪ್ಲೇಟ್‌ಲೆಟ್ಟನ್ನು ಲಕ್ಷದಲ್ಲಿ ಬರೆಯುವುದು ರೂಢಿ. 1.2 ಅಂದರೆ ಒಂದು ಲಕ್ಷದ ಇಪ್ಪತ್ತು ಸಾವಿರ. ಮುಖ್ಯ ಸಾಫ್ಟ್‌ವೇರ್ ಎಣಿಸುವುದು ಸಾವಿರದಲ್ಲಿ, ಅದರ ಪ್ರಕಾರ ಇದೇ 120 ಆಗಬೇಕು. ಅಳತೆಯ ಮನೆಯಲ್ಲಿ ಲ್ಯಾಬಿನವರು 'ಲಕ್ಷ' ಅಂತಲೇ ಕಳಿಸಿದ್ದರು. ಆ ಕಡೆಯದಕ್ಕೆ ಲಕ್ಷ ಅಂದರೆ ಏನು ಅಂತಲೇ ಗೊತ್ತಿಲ್ಲ. ಅಳತೆಗಳಿಗೆ ಅಂತ ಯುಸಿಯುಎಂ ಅನ್ನುವ ಅಂತರರಾಷ್ಟ್ರೀಯ ಪಟ್ಟಿ ಇದೆ, ಅದರಲ್ಲೂ ಲಕ್ಷ ಇಲ್ಲ. ಗೊತ್ತಿಲ್ಲದ್ದನ್ನು ತಿರಸ್ಕರಿಸುವುದು ಬಿಟ್ಟು, ಸುಮ್ನೆ ತನ್ನ ಸಾವಿರವನ್ನೇ ಹಾಕಿಕೊಂಡುಬಿಟ್ಟಿತ್ತು. ನೂರರಿಂದ ಗುಣಿಸಿ ಕಳಿಸುವ ಒಂದು ಸಾಲು ಸೇರಿಸಿದೆವು, ಮುಗಿಯಿತು.

ಹಿಮೋಗ್ಲೋಬಿನ್‌ದು ಇನ್ನೂ ತಮಾಷೆ. ಹಳೇ ಕಾಲದ ಅಭ್ಯಾಸದಿಂದ ಈಗಲೂ ಎಷ್ಟೋ ಕಡೆ 'ಎಚ್‌ಬಿ ಪರ್ಸೆಂಟ್' ಅಂತಲೇ ಬರೆಯುತ್ತಾರೆ, ಆದರೆ ಎದುರಿಗಿರುವ 11.2 ಡೆಸಿಲೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ. ಒಂದೇ ಪರೀಕ್ಷೆಗೆ ಆ ಲ್ಯಾಬಿನಲ್ಲೇ ಎಚ್‌ಬಿ, ಎಚ್‌ಜಿಬಿ, ಹಿಮೋಗ್ಲೋಬಿನ್ ಅಂತ ಬೇರೆ ಬೇರೆ ಹೆಸರಿದ್ದವು. ಇದಕ್ಕೆ ಲಾಯಿಂಕ್ ಅನ್ನುವ ಕೋಡ್ ಪಟ್ಟಿ ಇದೆ, 1994ರಲ್ಲಿ ಶುರುವಾದದ್ದು. ರಕ್ತದ ಹಿಮೋಗ್ಲೋಬಿನ್ ಗ್ರಾಂ ಲೆಕ್ಕದಲ್ಲಿ ಯಾವ ದೇಶದಲ್ಲಿ ಮಾಡಿದರೂ 718-7. ಲ್ಯಾಬಿನ ಪರೀಕ್ಷೆಗಳನ್ನೆಲ್ಲ ಆ ಕೋಡುಗಳಿಗೆ ಹೊಂದಿಸುವುದು ಬೇಜಾರಿನ ಕೆಲಸ. ಆದರೂ ಅದಕ್ಕೆ ಒಂದು ಕೊನೆ ಇದೆ. ಕೊನೆ ಇಲ್ಲದ್ದು ಜನರ ಹೆಸರುಗಳ ಕೆಲಸ.

ಲ್ಯಾಬ್ ಸಾಫ್ಟ್‌ವೇರಿನಲ್ಲಿ ರೋಗಿಗಳಿಗೆ ಬೇರೆಯೇ ನಂಬರ್ ಇತ್ತು. ಹಳೇ ರಿಪೋರ್ಟ್‌ಗಳೂ ಬೇಕು ಅಂದರೆ ಆ ನಂಬರಿನವರು ಆಸ್ಪತ್ರೆಯ ಯಾವ ನಂಬರಿನವರು ಅಂತ ಪತ್ತೆ ಮಾಡಬೇಕು. ಎಚ್‌ಎಲ್‌7ನಲ್ಲಿ ಹೆಸರಿನ ಮನೆಯಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು. ನಮ್ಮ ಕಡೆಯ ಎಂ. ಮಂಜುನಾಥನಿಗೆ ಮನೆತನದ ಹೆಸರು ಯಾವುದು? ಒಬ್ಬ ಕ್ಲರ್ಕ್ 'ಎಂ' ಅಂತ ಹಾಕಿದ್ದ, ಇನ್ನೊಬ್ಬ ಮಂಜುನಾಥ ಅಂತಲೇ ಹಾಕಿದ್ದ, ಮೂರನೆಯವನು ಚುಕ್ಕಿ ಇಟ್ಟು ಮುಂದೆ ಹೋಗಿದ್ದ. ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರ ಕೈಯಲ್ಲಿ ಮಂಜುನಾಥ್, ಕೆಲವರ ಕೈಯಲ್ಲಿ ಮಂಜುನಾಥ. ಹುಟ್ಟಿದ ದಿನದ ಕಥೆಯೂ ಅಷ್ಟೆ. ಕೌಂಟರಿನಲ್ಲಿ ಕೇಳುವುದು ವಯಸ್ಸು, ಸಾಫ್ಟ್‌ವೇರ್ ಅದಕ್ಕೆ ಜನವರಿ 1 ಅಂತ ತಾನೇ ತುಂಬಿಕೊಳ್ಳುತ್ತದೆ. ಆಧಾರ್ ತಂದವರದ್ದು ಎಷ್ಟೋ ಸಲ ಜೂನ್ 1, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ದಿನ. ಊರಿಗೆ ಊರೇ ಎರಡು ದಿನಾಂಕಗಳಲ್ಲಿ ಹುಟ್ಟಿದ ಹಾಗಿತ್ತು.

ನಮ್ಮ ಹತ್ತಿರ ಹೊಂದಿಸುವ ಪ್ರೋಗ್ರಾಂ ಒಂದಿತ್ತು. ಹೆಸರಿನ ಉಚ್ಚಾರ ಹೋಲಿಸಲು ಅದರಲ್ಲಿ ಸೌಂಡೆಕ್ಸ್ ಅನ್ನುವ ವಿಧಾನ. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು, ಅಲ್ಲಿನ ಹೆಸರುಗಳಿಗೆ ಅಂತ ಮಾಡಿದ್ದು. ಅದು ಮೊದಲ ಅಕ್ಷರ ಇಟ್ಟುಕೊಂಡು ಸ್ವರಗಳನ್ನು ಬಿಟ್ಟುಬಿಡುತ್ತದೆ. ಎಂ, ಎನ್ ಎರಡೂ ಅದಕ್ಕೆ ಒಂದೇ. ಅದರ ಪ್ರಕಾರ ರಮಾ, ರೇಣು, ರಾಣಿ ಮೂವರೂ ಒಬ್ಬರೇ! ಜ್ಞಾನೇಶನನ್ನು ಒಬ್ಬರು ಜೆ ಇಂದ, ಇನ್ನೊಬ್ಬರು ಜಿ ಇಂದ ಬರೆದರೆ ಮಾತ್ರ ಅವನು ಇಬ್ಬರಾಗುತ್ತಾನೆ.

ಪ್ರೋಗ್ರಾಂ ಕೊಟ್ಟ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಒಯ್ದೆ. ಅಲ್ಲಿನ ಮೇಡಂ ನಿವೃತ್ತಿಗೆ ಹತ್ತಿರವಿದ್ದವರು. ಭಾನುವಾರ ಬರುವ ಅಗತ್ಯವೇ ಅವರಿಗೆ ಇರಲಿಲ್ಲ, ಆದರೂ ಡಬ್ಬಿ ಕಟ್ಟಿಕೊಂಡು ಬಂದಿದ್ದರು. ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು, ಬೆರಳನ್ನು ಸಾಲಿನ ಮೇಲೆ ಎಳೆಯುತ್ತಾ ಹೋದರು.

ಒಂದು ಕಡೆ ಬೆರಳು ನಿಂತಿತು. ಇಬ್ಬರು ಲಕ್ಷ್ಮಮ್ಮ. ಒಂದೇ ಹಳ್ಳಿ, ಒಂದೇ ಮೊಬೈಲ್ ನಂಬರ್, ವಯಸ್ಸಿನಲ್ಲಿ ಒಂದೆರಡು ವರ್ಷ ಅಷ್ಟೇ ವ್ಯತ್ಯಾಸ. ಪ್ರೋಗ್ರಾಂ ಇವರು ಒಬ್ಬರೇ ಅಂತ ಧೈರ್ಯವಾಗಿ ಹೇಳಿತ್ತು. ಮೇಡಂ ಎರಡೂ ಫೈಲ್ ತರಿಸಿದರು. ಒಬ್ಬರ ರಕ್ತದ ಗುಂಪು ಓ ಪಾಸಿಟಿವ್, ಇನ್ನೊಬ್ಬರದ್ದು ಬಿ ಪಾಸಿಟಿವ್. 'ಓರಗಿತ್ತಿಯರು ಕಣ್ರಿ ಇವರು. ಮನೇಲಿ ಫೋನ್ ಇರೋದು ಮೊಮ್ಮಗನ ಹತ್ರ ಒಂದೇ' ಅಂದರು. ಒಂದು ಮಾಡಿಬಿಟ್ಟಿದ್ದರೆ ನಾಳೆ ಯಾರಿಗಾದರೂ ರಕ್ತ ಕೊಡುವಾಗ ಏನಾಗುತ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಎ40 ಅಂತ ಒಂದು ಮೆಸೇಜ್ ಕಳಿಸಿದರೆ ಇಬ್ಬರ ದಾಖಲೆ ಕ್ಷಣದಲ್ಲಿ ಒಂದಾಗುತ್ತದೆ. ಬೇರೆ ಮಾಡುವುದು ಮಾತ್ರ ಕೈಯಿಂದ, ಒಂದೊಂದೇ ರಿಪೋರ್ಟ್ ಹಿಡಿದು. ಅವತ್ತೇ ತೀರ್ಮಾನವಾಯಿತು, ಯಾರನ್ನೂ ಕಂಪ್ಯೂಟರ್ ತಾನಾಗಿ ಒಂದು ಮಾಡುವಂತಿಲ್ಲ.

ಆಮೇಲೆ ಮೇಡಂ ಒಂದು ಪ್ರಶ್ನೆ ಕೇಳಿದರು. 'ಇದರಲ್ಲಿ ಬೇಬಿ ಆಫ್ ಯಾರೂ ಇಲ್ಲವಲ್ಲ?'

ಹೆರಿಗೆಯಾದ ತಕ್ಷಣ ಮಗುವಿಗೆ ಹೆಸರಿರುವುದಿಲ್ಲ. ಹಾಗಾಗಿ 'ಬೇಬಿ ಆಫ್' ಅಂತ ಬರೆದು ತಾಯಿಯ ಹೆಸರು ಹಾಕುತ್ತಾರೆ. ನಾಮಕರಣವಾಗಿ, ತಿಂಗಳೊಪ್ಪತ್ತು ಕಳೆದು ಲಸಿಕೆಗೆ ಬಂದಾಗ ಹೊಸ ಹೆಸರು, ಹೊಸ ನಂಬರ್. ನಮ್ಮಲ್ಲಿ ಹೆರಿಗೆಗೆ ತವರಿಗೆ ಬರುತ್ತಾರಲ್ವಾ? ಹೆರಿಗೆಯ ಹೊತ್ತಿಗೆ ಅಜ್ಜನ ವಿಳಾಸ, ಅಜ್ಜನ ಫೋನ್. ಆಮೇಲೆ ಅಪ್ಪನ ವಿಳಾಸ, ಅಪ್ಪನ ಫೋನ್. ಹೆಸರಿಗೂ ಹೆಸರಿಗೂ ಸಂಬಂಧವಿಲ್ಲ. ಹುಟ್ಟಿದ ದಿನ ಒಂದು ಬಿಟ್ಟರೆ ಪ್ರೋಗ್ರಾಂಗೆ ಹಿಡಿಯಲು ಏನೂ ಸಿಗುವುದಿಲ್ಲ.

ಯಾವ ಡಾಕ್ಟರೂ ತೆರೆದು ನೋಡದ ಬೇಬಿ ಆಫ್ ರಿಪೋರ್ಟ್‌ಗಳನ್ನು ಮಾತ್ರ ಬೇರೆಯಾಗಿ ತೆಗೆದೆ. ಅದರಲ್ಲಿ 'ಬೇಬಿ ಆಫ್ ಸವಿತಾ' ಅಂತ ಒಂದು ಸಾಲು, ಟಿಎಸ್‌ಎಚ್ ಅನ್ನುವ ಥೈರಾಯ್ಡ್ ಪರೀಕ್ಷೆ, ಎರಡನೇ ಸಲದ್ದು. (ಹೆಸರು ಬದಲಿಸಿದ್ದೇನೆ.) ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಥೈರಾಯ್ಡ್ ನೋಡುತ್ತಾರೆ. ಹುಟ್ಟಿನಿಂದಲೇ ಥೈರಾಯ್ಡ್ ಕಡಿಮೆ ಇದ್ದು, ಮೊದಲ ವಾರಗಳಲ್ಲೇ ಗೊತ್ತಾಗದೆ ಹೋದರೆ ಮಗುವಿನ ಬುದ್ಧಿ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಗೊತ್ತಾದರೆ ದಿನಕ್ಕೊಂದು ಅಗ್ಗದ ಮಾತ್ರೆ ಸಾಕು. ಈ ಮಗುವಿನದ್ದು ಮೊದಲ ಸಲ ಅಂಚಿನಲ್ಲಿತ್ತು, ಅದಕ್ಕೆ ಇನ್ನೊಮ್ಮೆ ರಕ್ತ ತೆಗೆದಿದ್ದರು. ಅದರ ರಿಪೋರ್ಟ್ ಹಳೇ ನಂಬರಿನಲ್ಲೇ ಕೂತಿತ್ತು. ಮಗು ಅಷ್ಟರಲ್ಲಿ ಹೊಸ ಹೆಸರು, ಹೊಸ ನಂಬರಿನಲ್ಲಿ ಆರು ವಾರದ ಲಸಿಕೆ ಮುಗಿಸಿಕೊಂಡು ಹೋಗಿತ್ತು. ಲಸಿಕೆ ಕೊಟ್ಟ ಡಾಕ್ಟರಿಗೆ ಇಂಥದ್ದೊಂದು ಪರೀಕ್ಷೆ ಆಗಿತ್ತು ಅಂತಲೇ ಗೊತ್ತಿಲ್ಲ.

ರಿಪೋರ್ಟ್ ನಾರ್ಮಲ್ ಇತ್ತು. ನಾನು ಸಮಾಧಾನದಿಂದ ಮುಂದಿನ ಸಾಲಿಗೆ ಹೋಗುತ್ತಿದ್ದೆ. ಮೇಡಂ ಬಿಡಲಿಲ್ಲ. 'ನಾರ್ಮಲ್ ಇದೆ ಅಂತ ಅವರಿಗೆ ಯಾರು ಹೇಳಿದಾರೆ?' ಅಂದವರೇ ಅಜ್ಜನ ನಂಬರಿಗೆ ಫೋನ್ ಹಚ್ಚಿದರು. ಆ ಕಡೆ ಅಜ್ಜ, ಆಸ್ಪತ್ರೆಯಿಂದ ಏನೂ ಹೇಳದೇ ಇದ್ದದ್ದಕ್ಕೆ ಎಲ್ಲ ಸರಿ ಇದೆ ಅಂದುಕೊಂಡಿದ್ದೆವು ಅಂದರಂತೆ.

'ತಾಯಿ ಕಾರ್ಡ್ ನಂಬರ್ ಹಾಕ್ರಿ' ಅಂದರು ಮೇಡಂ. ಬಸಿರಾದಾಗ ಆಶಾ ಕಾರ್ಯಕರ್ತೆಯರು ಮಾಡಿಸಿಕೊಡುವ ಕಾರ್ಡ್ ಅದು. ತವರಿಗೂ ಬರುತ್ತದೆ, ಗಂಡನ ಮನೆಗೂ ಹೋಗುತ್ತದೆ. ಮಗುವಿನ ಲಸಿಕೆ ಬರೆಯುವುದೂ ಅದರಲ್ಲೇ, ಹಾಗಾಗಿ ಯಾರೂ ಬಿಟ್ಟು ಬರುವುದಿಲ್ಲ. ನಾನು ಎಚ್‌ಎಲ್‌7 ಪುಸ್ತಕ ತೆರೆದು ನೋಡಿದೆ. ಪಿಐಡಿ ಸಾಲಿನ 21ನೇ ಮನೆ ಇರುವುದೇ ತಾಯಿಯ ಗುರುತಿನ ನಂಬರಿಗೆ. ಅವಳಿ ಮಕ್ಕಳಾದರೆ ಮೊದಲು ಹುಟ್ಟಿದ್ದು ಯಾವುದು ಅಂತ ಬರೆಯಲೂ 25ನೇ ಮನೆ ಇದೆ. ಜಾಗ ಮೊದಲಿಂದಲೂ ಇತ್ತು, ಕೌಂಟರಿನಲ್ಲಿ ಯಾರೂ ಕೇಳುತ್ತಿರಲಿಲ್ಲ ಅಷ್ಟೆ.

ಸೋಮವಾರದ ಮೀಟಿಂಗಿನಲ್ಲಿ ಆಡಳಿತದವರೊಬ್ಬರು, 'ಆಭಾ ಇದೆಯಲ್ಲ, ಈ ತಲೆನೋವೆಲ್ಲ ಯಾಕೆ?' ಅಂದರು. 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಶುರುವಾದ ಡಿಜಿಟಲ್ ಮಿಷನ್‌ನ 14 ಅಂಕಿಯ ಆರೋಗ್ಯ ಖಾತೆ ಅದು. ನನಗೆ ಆ ವ್ಯವಸ್ಥೆ ಇಷ್ಟ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ, ರೋಗಿ ಒಪ್ಪಿದರೆ ಮಾತ್ರ ಇನ್ನೊಬ್ಬರಿಗೆ ಹೋಗುತ್ತದೆ. ಆದರೆ ಹುಟ್ಟಿ ಎರಡು ದಿನದ ಮಗು ಆಭಾ ನಂಬರ್ ಹಿಡಿದುಕೊಂಡು ಬರುವುದಿಲ್ಲ. ದೊಡ್ಡವರಿಗೂ ಅದು ಕಡ್ಡಾಯ ಅಲ್ಲ, ಮಾಡಿಸಿಕೊಂಡವರಲ್ಲೂ ಎರಡೆರಡು ಇರುವವರನ್ನು ನೋಡಿದ್ದೇನೆ. ಇದನ್ನೇ ಹೇಳಿದೆ. ಒಪ್ಪಿದರು ಅನ್ನುವುದಕ್ಕಿಂತ, ಮೀಟಿಂಗ್ ಮುಗಿಸುವ ಆತುರದಲ್ಲಿದ್ದರು.

ಹೆರಿಗೆ ಮತ್ತು ಮಕ್ಕಳ ಕೌಂಟರುಗಳಲ್ಲಿ ತಾಯಿ ಕಾರ್ಡ್ ನಂಬರ್ ಕಡ್ಡಾಯವಾಯಿತು. ಕ್ಯೂ ಉದ್ದವಾಗುತ್ತೆ ಅಂತ ಕೌಂಟರಿನವರು ಗೊಣಗಿದರು, ಆಗಿದ್ದೂ ನಿಜ. ಮೊದಮೊದಲು ಆ ಜಾಗದಲ್ಲಿ ಜಾಸ್ತಿ ಕಾಣುತ್ತಿದ್ದದ್ದು ಬರೀ ಒಂಬತ್ತುಗಳ ಸಾಲು. ಏನೋ ಒಂದು ಒತ್ತಿ ಮುಂದೆ ಹೋಗುತ್ತಿದ್ದರು. ಮೇಡಂ ದಿನಾ ಸಂಜೆ ಅಂಥವುಗಳ ಪಟ್ಟಿ ತೆಗೆದು, ಯಾರ ಲಾಗಿನ್ನಿಂದ ಬಂದದ್ದು ಅಂತ ನೋಡಿ, ನೇರ ಆ ಕೌಂಟರಿಗೇ ಹೋಗಿ ನಿಲ್ಲುತ್ತಿದ್ದರಂತೆ. ಈಗ ಒಂಬತ್ತು ಹಾಕುವುದು ಕಡಿಮೆಯಾಗಿದೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದರು. ಸ್ಕ್ಯಾನಿಂಗ್ ವಿಭಾಗದ ಪಟ್ಟಿ ಯಾವಾಗ ಕಳಿಸ್ತೀರಿ, ರಿಟೈರ್ ಆಗೋಕೆ ಮುಂಚೆ ನೋಡಿಬಿಡ್ತೀನಿ ಅಂತಲೂ ಕೇಳಿದರು.