ರಷ್ಯಾ ಯಾಕ ಬಿತ್ತು, ಚೀನಾ ಯಾಕ ಎದ್ದಿತು ಅಂತ ಕೇಳೋರಿಗೆ

ಕಾಲೇಜಿನ್ಯಾಗ ಎಕನಾಮಿಕ್ಸ್ ಕಲಸ್ತೀನಿ ಅಂತ ಗೊತ್ತಾದ್ರ ಸಾಕು, ಚಿಗರಿ ಬಸ್ಸಿನ್ಯಾಗ ಬಾಜೂಕ ಕುಂತವ್ರೂ ಕೇಳ್ತಾರ: "ಸರ್, ಎರಡೂ ಕಮ್ಯುನಿಸ್ಟ್ ದೇಶ, ಎರಡೂ ಮಾರ್ಕೆಟ್ ಕಡೆ ಹೊಳ್ಳಿದ್ವು, ಚೀನಾ ಉದ್ಧಾರ ಆತು, ರಷ್ಯಾ ಯಾಕ ಹಾಳಾತು? ಒಂದ ಮಾತಿನ್ಯಾಗ ಹೇಳ್ರಿ." ಒಂದ ಮಾತಿನ್ಯಾಗ ಆಗಂಗಿಲ್ರಿ. ಹೇಳಿ ಹೇಳಿ ಸಾಕಾಗೇತಿ, ಅದಕ್ಕ ಬರದು ಇಡಾಕತ್ತೀನಿ.

1978ರಾಗ ಚೀನಾದಾಗ ಹತ್ತು ಮಂದ್ಯಾಗ ಎಂಟು ಮಂದಿ ಹಳ್ಳ್ಯಾಗ ಇದ್ರು. ಆ ವರ್ಷ ಆನ್‌ಹುಯಿ ಪ್ರಾಂತದ ಶಿಯಾವ್‌ಗಾಂಗ್ ಅನ್ನೋ ಹಳ್ಳ್ಯಾಗ 18 ರೈತರು ಕದ್ದುಮುಚ್ಚಿ ಒಂದು ಕಾಗದಕ್ಕ ಹೆಬ್ಬೆಟ್ಟು ಒತ್ತಿ ಕಮ್ಯೂನಿನ ಹೊಲಾ, ಅಂದ್ರ ಎಲ್ಲಾರೂ ಕೂಡಿ ದುಡಿಯೋ ಹೊಲಾ, ಮನಿಮನಿಗೆ ಹಂಚಿಕೊಂಡ್ರು, ಸರಕಾರದ ಪಾಲು ಕೊಟ್ಟು ಉಳದದ್ದು ತಮಗ. ಯಾರರ ಜೈಲಿಗೆ ಹೋದ್ರ ಅವರ ಮಕ್ಕಳನ್ನ ಉಳದವ್ರು ಸಾಕಬೇಕು ಅಂತನೂ ಬರಕೊಂಡಿದ್ರು. ಮುಂದ ಸರಕಾರನ ಆ ಪದ್ಧತಿ ಒಪ್ಪಿಕೊಂಡಿತು. ಫ್ಯಾಕ್ಟರಿಗೂ ಹಂಗ, ಕೋಟಾದಷ್ಟು ಸರಕಾರಿ ರೇಟಿಗೆ, ಮಿಕ್ಕಿದ್ದು ಬಜಾರಿಗೆ. ನಮ್ಮ ಸಕ್ಕರಿ ಫ್ಯಾಕ್ಟರಿಗೆ 2013ರ ತನಕ ಲೆವಿ, ಅಂದ್ರ ಒಂದು ಪಾಲು ಸಕ್ಕರಿ ಸರಕಾರಿ ರೇಟಿಗೆ ಕೊಡೋ ಕಟ್ಟಳಿ, ಇತ್ತಲ್ರಿ, ಹೆಚ್ಚುಕಡಿಮಿ ಅದ ಲೆಕ್ಕ.

ರಷ್ಯಾದಾಗ ಮುಕ್ಕಾಲು ಪಾಲು ಮಂದಿ ಶಹರದವ್ರು. ಮನಿ, ದವಾಖಾನಿ, ಸಣ್ಣ ಹುಡುಗರ ಬಾಲವಾಡಿ ಸೈತ ಎಷ್ಟೋ ಊರಾಗ ಫ್ಯಾಕ್ಟರಿದ ಇತ್ತು. ಹೊಲಾ ಹಂಚಿ ಶುರು ಮಾಡಾಕ ಎಲ್ಲಿ ಬರತೈತಿ? 1992ರ ಜನವರಿ 2ಕ್ಕ ಬಹುತೇಕ ರೇಟಿನ ಮ್ಯಾಲಿನ ಸರಕಾರಿ ಹಿಡಿತ ಒಮ್ಮೆಲೇ ಬಿಟ್ಟುಬಿಟ್ರು, ವರ್ಷದಾಗ ಬೆಲಿ 20 ಪಟ್ಟಿಗೂ ಮಿಕ್ಕಿ ಏರಿತು, ಬ್ಯಾಂಕಿನ್ಯಾಗ ಇಟ್ಟ ಜೀವಮಾನದ ಗಂಟು ಕರಗಿ ಹೋತು.

ಅವಸರ ಮಾಡಿದ್ದ ತಪ್ಪು ಅನ್ನೂದೂ ಪೂರ್ತಿ ಉತ್ತರ ಅಲ್ಲ. ಕಮ್ಯುನಿಸ್ಟ್ ಆಳ್ವಿಕಿ ಇದ್ದ ಪೋಲೆಂಡೂ 1990ರ ಜನವರಿ 1ಕ್ಕ ಇಂಥಾದ್ದ ಮಾಡಿತು, 1992ರಿಂದ ಬೆಳ್ಯಾಕ ಹತ್ತಿತು. ಅಲ್ಲಿ ರೈತರ ಹೊಲ ಬಹಳಷ್ಟು ರೈತರ ಕೈಯಾಗ ಉಳದಿತ್ತು, 1991ರಾಗ ಸಾಲ ಕೊಟ್ಟ ದೇಶಗಳು ಅರ್ಧ ಸಾಲ ಬಿಡಾಕ ಒಪ್ಪಿದ್ದವು.

ಗದಗನ್ಯಾಗ ಒಂದು ಮದವಿ. ಪಂಕ್ತ್ಯಾಗ ಹೋಳಿಗಿಗೆ ತುಪ್ಪ ಹಾಕಿಸಿಕೋತ ನಮ್ಮ ಕಾಕಾ ಅಂದ್ರು, "ತಮ್ಮಾ, ರಷ್ಯಾದ ಮಂದಿ ಮೈಗಳ್ಳರು, ಪುಕ್ಕಟ ತಿಂದು ರೂಢಿ ಆಗಿತ್ತು, ಅದಕ್ಕ ಮುಳಗಿದ್ರು." ಕೈಯಾಗಿನ ತುತ್ತು ಎಲ್ಯಾಗ ಇಟ್ಟೆ. ಕಾಕಾ, ಗೂಸ್ ಖ್ರುಸ್ತಾಲ್ನಿ ಅಂತ ಗಾಜಿನ ಫ್ಯಾಕ್ಟರಿ ಊರು ಐತ್ರಿ, 90ರ ದಶಕದಾಗ ಅಲ್ಲಿ ಪಗಾರಕ್ಕ ರೊಕ್ಕದ ಬದಲಿ ಗಾಜಿನ ಸಾಮಾನ ಕೊಟ್ಟು ಕಳಿಸಿದ್ರು, ದುಡದ ಮಂದಿ ಆ ಗ್ಲಾಸು ಹೂದಾನಿ ಹಿಡಕೊಂಡು ಹೈವೇ ಬಾಜೂಕ ಗಿರಾಕಿ ಕಾಯ್ಕೋತ ನಿಂತಿದ್ರು. ಮೈಗಳ್ಳರು ಹಂಗ ನಿಂದರತಾರೇನ್ರಿ?

ಹುಬ್ಬಳ್ಳ್ಯಾಗ ನಮ್ಮಪ್ಪ ದುಡಿಯೋ ಮಿಲ್ ಮುಚ್ಚಿದಾಗನೂ ಇದ ಕಾಕಾ "ಮಂದಿ ಕೆಲಸ ಮಾಡಲಿಲ್ಲ" ಅಂದಿದ್ರು. ಅಪ್ಪ 22 ವರ್ಷ ನೈಟ್ ಶಿಫ್ಟ್ ಮಾಡಿ, ಹತ್ತಿ ಧೂಳಿಗೆ ಕೆಮ್ಮು ಹಿಡಿಸಿಕೊಂಡಾಂವ. ಬಾಕಿ ಪಗಾರದ ಚೀಟಿ ಸಾಯೂ ತನಕ ಟ್ರಂಕಿನ್ಯಾಗ ಸೀರಿ ಕೆಳಗ ಮಡಚಿ ಇಟ್ಟಿದ್ದ. ಅದಕ್ಕ ನನಗ ಸಿಟ್ಟು ಬರತೈತಿ, ಬರಬೇಕು.

ಯಾವ ದೇಶ ಗೆದ್ದಿತು ಅನ್ನೂದು ಬಿಡ್ರಿ, ಎಲ್ಲಾರ ಆಸ್ತಿ ನಾಕ ಮಂದಿ ಕೈಗೆ ಹೆಂಗ ಹೋತು ಅಂತ ಕೇಳ್ರಿ. 1992ರ ಅಕ್ಟೋಬರಿನಿಂದ ರಷ್ಯಾದಾಗ ಕೂಸಿನಿಂದ ಹಿಡದು ಮುದುಕರ ತನಕ ಎಲ್ಲಾರಿಗೂ 10,000 ರೂಬಲ್ ಮುಖಬೆಲೆಯ ವೋಚರ್ ಹಂಚಿದ್ರು, ಸರಕಾರಿ ಫ್ಯಾಕ್ಟರಿಗಳ ಶೇರಿಗೆ ಬದಲಿ ಮಾಡಿಕೊಳ್ಳೋ ಚೀಟಿ ಅದು. ಇದರ ಕಿಮ್ಮತ್ತು ಎರಡು ವೋಲ್ಗಾ ಕಾರಿನಷ್ಟು ಆಗತೈತಿ ಅಂದಿದ್ರು ಖಾಸಗೀಕರಣ ನಡಸಿದ ಚುಬೈಸ್. ಒಲಿ ಹತ್ತಿಸಾಕ ದಿಕ್ಕಿಲ್ಲದಾಂವ ಎಷ್ಟು ದಿನ ಇಟಗೋತಾನ? ಬಂದಷ್ಟಕ್ಕ ಮಾರಿದ. ಆಮ್ಯಾಲೆ 1995ರಾಗ ಸರಕಾರ ನಾರಿಲ್ಸ್ಕ್ ನಿಕಲ್ ಗಣಿ ಕಂಪನಿ, ಯೂಕೋಸ್ ಎಣ್ಣಿ ಕಂಪನಿ ಇಂಥಾವುಗಳ ಶೇರು ಒತ್ತಿ ಇಟ್ಟು ಖಾಸಗಿ ಬ್ಯಾಂಕಿನಿಂದ ಸಾಲ ತಗೊಂಡಿತು, ತೀರಸಲೇ ಇಲ್ಲ. ಒತ್ತಿ ಹೊಲ ಸಾವಕಾರನ ಪಾಲಾಗೂದು ನಮಗೇನು ಹೊಸಾದಲ್ಲ, ಆದ್ರ ಇಲ್ಲಿ ಆ ಶೇರಿನ ಲಿಲಾವು ನಡಸಿದಾಂವನೂ ಸಾಲ ಕೊಟ್ಟ ಬ್ಯಾಂಕಿನ ಸಾವಕಾರನ, ಕೂಗಿ ಕೊಂಡಾಂವನೂ ಸಾವಕಾರನ.

ಇದನ್ನ ಕೇಳ್ರಿ. ಬಸ್ಸು ಹುಬ್ಬಳ್ಳಿ ಮುಟ್ಟೂ ತನಕ ಹೇಳ್ತೀನಿ.